ಎ ಚಾರ್ಲಿ ಬ್ರೌನ್ ಕ್ರಿಸ್ಮಸ್
ಚಾರ್ಲ್ಸ್ ಷುಲ್ಟ್ಸ್ ರಚಿಸಿದ ‘ಪೀನಟ್ಸ್’ ವ್ಯಂಗ್ಯಚಿತ್ರಮಾಲೆಯ ಪಾತ್ರಗಳನ್ನು ಆಧರಿಸಿದ ಪ್ರಥಮ ದೂರದರ್ಶನ ವಿಶೇಷ ಕಾರ್ಯಕ್ರಮ. ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1965ರ ಡಿಸೆಂಬರ್ 9ರಂದು ಪ್ರಸಾರವಾಯಿತು. ನಿರ್ಮಾಪಕ ಲೀ ಮೆಂಡೆಲ್ಸನ್. ನಿರ್ದೇಶಕ ಬಿಲ್ ಮೆಲೆಂಡೆಜ್. ಹಬ್ಬವು ವ್ಯಾಪಾರಕ್ಕೆ ವಶವಾದುದನ್ನು ಕಂಡು ಖಿನ್ನನಾದ ಬಾಲಕ ಚಾರ್ಲಿ ಬ್ರೌನ್, ಥಳಥಳಿಸುವ ಅಲ್ಯೂಮಿನಿಯಂ ಮರಗಳನ್ನು ಬಿಟ್ಟು ಬಡಕಲು ಗಿಡವೊಂದನ್ನೇ ಆರಿಸಿ ತಂದು ಗೆಳೆಯರ ಪರಿಹಾಸಕ್ಕೆ ಗುರಿಯಾಗಲು, ಮಿತ್ರನಾದ ಲೈನಸನು ಲೂಕನ ಸುವಾರ್ತೆಯಿಂದ ಕ್ರಿಸ್ತಜನನದ ವೃತ್ತಾಂತವನ್ನು ಪಠಿಸಿ ಹಬ್ಬದ ನಿಜಾರ್ಥವನ್ನು ಅರುಹುವುದೇ ಇದರ ಕಥಾಸಾರ. ಪಾತ್ರಗಳಿಗೆ ಮಕ್ಕಳಿಂದಲೇ ದನಿ ಕೊಡಿಸಿ, ಅಂದು ರೂಢಿಯಲ್ಲಿದ್ದ ಕೃತಕ ನಗೆಯ ಧ್ವನಿಯನ್ನು ವರ್ಜಿಸಿ, ವಿನ್ಸ್ ಗ್ವಾರಾಲ್ಡಿಯ ಜಾಜ್ ಸಂಗೀತವನ್ನು ಅಳವಡಿಸಿದ ಈ ಕೃತಿಯು ತೀರ ನಿಧಾನಗತಿಯದೆಂದು ವಾಹಿನಿಯ ಅಧಿಕಾರಿಗಳು ಶಂಕಿಸಿದರೂ, ಪ್ರೇಕ್ಷಕರ ಅಪಾರ ಮನ್ನಣೆಗೆ ಪಾತ್ರವಾಗಿ, ಎಮ್ಮಿ ಹಾಗೂ ಪೀಬಡಿ ಪ್ರಶಸ್ತಿಗಳನ್ನು ಗಳಿಸಿ, ಸರಳ ರೇಖಾಚಿತ್ರಗಳಿಂದಲೂ ಗಂಭೀರಭಾವವನ್ನು ಮಕ್ಕಳ ಹೃದಯಕ್ಕೆ ಮುಟ್ಟಿಸಬಹುದೆಂಬುದನ್ನು ನಿಸ್ಸಂಶಯವಾಗಿ ಸ್ಥಾಪಿಸಿತು.