ಉದ್ರಿ ಖಾತೆಯಿಂದ ಆ್ಯಪ್ ಖಾತೆಗೆ: ಪಾಲಕರ ಒಪ್ಪಿಗೆಯ ಚರಿತ್ರೆ

ಮಕ್ಕಳ ಖರೀದಿಗೆ ಹಿರಿಯರ ಒಪ್ಪಿಗೆ ಬೇಕೆಂಬ ನಿಯಮ ಮೊಬೈಲ್ ಫೋನಿಗಿಂತ ಬಹಳ ಹಳೆಯದು. ಇಂದು ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳಿರುವ ಉತ್ತರ ಕನ್ನಡ ಸೀಮೆಯು 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಅದಾದ ಹತ್ತು ವರ್ಷಕ್ಕೆ ಜಾರಿಗೆ ಬಂದ 1872ರ ಭಾರತೀಯ ಕರಾರು ಕಾಯ್ದೆಯ 11ನೆಯ ಕಲಮು ಅಪ್ರಾಪ್ತರಿಗೆ, ಅಂದರೆ ಪ್ರಾಯಕ್ಕೆ ಬಾರದವರಿಗೆ, ಕರಾರು ಮಾಡಿಕೊಳ್ಳುವ ಅರ್ಹತೆಯಿಲ್ಲವೆಂದು ವಿಧಿಸಿತು. 1875ರ ಕಾಯ್ದೆ ಪ್ರಾಯದ ಗಡಿಯನ್ನು ಸಾಮಾನ್ಯವಾಗಿ 18 ವರ್ಷಕ್ಕೆ ನಿಗದಿಪಡಿಸಿತು. ಮೊಹೋರಿ ಬೀಬಿ ಮತ್ತು ಧರ್ಮದಾಸ ಘೋಷ್ ನಡುವಿನ ವ್ಯಾಜ್ಯದಲ್ಲಿ 1903ರಲ್ಲಿ ತೀರ್ಪಿತ್ತ ಪ್ರೀವಿ ಕೌನ್ಸಿಲ್, ಅಪ್ರಾಪ್ತರ ಕರಾರು ಮೂಲದಲ್ಲೇ ಅಸಿಂಧು ಎಂದು ಸಾರಿತು.

ಆದರೆ ಅಂಗಡಿಯ ಕಟ್ಟೆಯ ಮೇಲೆ ನಡೆಯುತ್ತಿದ್ದುದು ಕಾಯ್ದೆಗಿಂತ ಹೆಚ್ಚಾಗಿ ಪರಿಚಯದ ಆಡಳಿತ. 1955ರಲ್ಲಿ ಸ್ಥಾಪನೆಗೊಂಡ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಯಿಂದ ದಾಂಡೇಲಿಯು ಪಗಾರದ ಊರಾಗಿ ಬೆಳೆಯಿತು. ಇಂತಹ ಊರುಗಳಲ್ಲಿ ತಿಂಗಳಿಡೀ ಉದ್ರಿ ಕೊಟ್ಟು ಪಗಾರದ ದಿನ ವಸೂಲು ಮಾಡುವ ಕಿರಾಣಿ ವ್ಯಾಪಾರಿಯು, ಚೀಟಿ ಹಿಡಿದು ಬಂದ ಮಗುವಿಗೆ ಸಾಮಾನು ಕೊಟ್ಟು ಲೆಕ್ಕವನ್ನು ತಂದೆಯ ಹೆಸರಿನ ಪುಟದಲ್ಲಿ ಬರೆದುಕೊಳ್ಳುತ್ತಿದ್ದನು. ಚೀಟಿಯಲ್ಲಿಲ್ಲದ್ದನ್ನು ಮಗು ಕೇಳಿದರೆ ಮನೆಯಲ್ಲಿ ಕೇಳಿಕೊಂಡು ಬಾ ಎಂದು ಹಿಂದಕ್ಕೆ ಕಳುಹಿಸುತ್ತಿದ್ದನು. ಕೇಳುವ ಮಗು, ಒಪ್ಪುವ ಹಿರಿಯರು, ಕೊಡುವ ವ್ಯಾಪಾರಿ ಮೂವರೂ ಒಬ್ಬರನ್ನೊಬ್ಬರು ಬಲ್ಲವರಾಗಿದ್ದುದರಿಂದ ಒಪ್ಪಿಗೆಗೆ ಬೇರೆ ಯಂತ್ರ ಬೇಕಿರಲಿಲ್ಲ.

ಆ್ಯಪ್ ಅಂಗಡಿಗಳು ಈ ಪರಿಚಯವನ್ನು ಇಲ್ಲವಾಗಿಸಿದವು. ಒಮ್ಮೆ ಗುಪ್ತಪದ ನಮೂದಿಸಿದರೆ ಮುಂದಿನ 15 ನಿಮಿಷ ಮತ್ತೆ ಕೇಳದೆಯೇ ಆಟದೊಳಗಿನ ಖರೀದಿಗಳಿಗೆ ಹಣ ಕಡಿತವಾಗುತ್ತಿದ್ದ ವ್ಯವಸ್ಥೆಯನ್ನು ಪಾಲಕರಿಗೆ ತಿಳಿಸಿರಲಿಲ್ಲವೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆಪಾದಿಸಿದಾಗ, 2014ರಲ್ಲಿ ಆಪಲ್ ಕನಿಷ್ಠ 3.25 ಕೋಟಿ ಡಾಲರ್ ಮರಳಿಸಲು ಒಪ್ಪಿತು. ಅನುಮತಿಯಿಲ್ಲದ ಇಂತಹುದೇ ಕಡಿತಗಳಿಗಾಗಿ ಗೂಗಲ್ ಅದೇ ವರ್ಷ ಕನಿಷ್ಠ 1.9 ಕೋಟಿ ಡಾಲರ್ ಮರಳಿಸಲು ಸಮ್ಮತಿಸಿತು. ಮಗುವಿನ ಕೋರಿಕೆಯನ್ನು ಪಾಲಕರ ಸಾಧನಕ್ಕೆ ತಲುಪಿಸುವ ಆಪಲ್‌ನ 'ಆಸ್ಕ್ ಟು ಬೈ' 2014ರಲ್ಲಿಯೂ, ಗೂಗಲ್‌ನ 'ಫ್ಯಾಮಿಲಿ ಲಿಂಕ್' 2017ರಲ್ಲಿಯೂ ಬಳಕೆಗೆ ಬಂದವು.

ಈ ಎರಡೂ ಏರ್ಪಾಡುಗಳು ಫೋನನ್ನಲ್ಲ, ಖಾತೆಯನ್ನು ಗುರುತಿಸುತ್ತವೆ ಎಂಬುದನ್ನು ಗಮನಿಸಬೇಕು. ಮಗುವಿಗೆ ಪ್ರತ್ಯೇಕ ಖಾತೆಯಿದ್ದರೆ ಅದು ಫೋನಿನಲ್ಲಿ ಕೇಳಿದರೂ ಟ್ಯಾಬ್ಲೆಟ್‌ನಲ್ಲಿ ಕೇಳಿದರೂ ಕೋರಿಕೆ ಪಾಲಕರಿಗೆ ಹೋಗುತ್ತದೆ. ಆದರೆ ಒಂದೇ ಫೋನನ್ನು ಮನೆಮಂದಿಯೆಲ್ಲ ಬಳಸುವಲ್ಲಿ ಮಗು ತಂದೆಯ ಖಾತೆಯಿಂದಲೇ ಕೊಳ್ಳುತ್ತದೆ, ಬ್ಯಾಂಕಿನ ಒಟಿಪಿಯೂ ಮಗುವಿನ ಕೈಯಲ್ಲಿರುವ ಅದೇ ಪರದೆಗೆ ಬಂದು ಬೀಳುತ್ತದೆ. ಆಪಲ್ ಮತ್ತು ಗೂಗಲ್ ಅಂಗಡಿಗಳ ಒಪ್ಪಿಗೆಗಳು ಒಂದರಿಂದ ಇನ್ನೊಂದಕ್ಕೆ ದಾಟುವುದಿಲ್ಲವಾದ್ದರಿಂದ, ಎರಡು ಬಗೆಯ ಸಾಧನಗಳಿರುವ ಮನೆಯಲ್ಲಿ ಎರಡನ್ನೂ ಬೇರೆಬೇರೆಯಾಗಿ ಹೊಂದಿಸಬೇಕಾಗುತ್ತದೆ. ಜೋಯಿಡಾದ ಕಾಡಿನೊಳಗಿನ ನೆಟ್‌ವರ್ಕ್ ಇಲ್ಲದ ಹಳ್ಳಿಯಲ್ಲಿ ಪಾಲಕರಿದ್ದು, ಮಗು ಹಳಿಯಾಳದಲ್ಲಿ ಓದುತ್ತಿದ್ದರೆ ಕೋರಿಕೆ ಅವರನ್ನು ಸಕಾಲದಲ್ಲಿ ತಲುಪಲಾರದು. ಗೂಗಲ್‌ನ ಕುಟುಂಬ ಗುಂಪಿನ ಸದಸ್ಯರೆಲ್ಲ ಒಂದೇ ದೇಶದಲ್ಲಿರಬೇಕೆಂಬ ನಿಯಮವು, 1966ರಲ್ಲಿ ನೆಲೆಗೊಂಡ ಮುಂಡಗೋಡದ ಟಿಬೆಟನ್ ವಸಾಹತಿನಲ್ಲಿ ಪಾಲಕರು ಹೊರದೇಶದಲ್ಲಿರುವ ಮನೆಗಳಿಗೆ ತೊಡಕಾಗುತ್ತದೆ.

ಮಕ್ಕಳ ಮಾಹಿತಿಯನ್ನು ಬಳಸಲು ಪಾಲಕರ ಪರಿಶೀಲನಾರ್ಹ ಒಪ್ಪಿಗೆ ಬೇಕೆಂದು ವಿಧಿಸುವ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ವರ್ಷದ ಗಡಿಯನ್ನೇ ಉಳಿಸಿಕೊಂಡಿದೆ. ಹೀಗೆ ಒಂದೂವರೆ ಶತಮಾನದಲ್ಲಿ ವಯಸ್ಸಿನ ಗಡಿ ಹಾಗೆಯೇ ಉಳಿದು, ಮಗುವನ್ನು ಗುರುತಿಸುವ ಹೊಣೆ ಮಾತ್ರ ವ್ಯಾಪಾರಿಯಿಂದ ಜಾರಿ ಮನೆಯವರ ಮೇಲೆ ಬಿದ್ದಿದೆ. ಮಗುವಿಗೆ ಅದರದೇ ಖಾತೆಯನ್ನು ತೆರೆದುಕೊಡುವುದು ಪಾಲಕರ ಕೆಲಸವೇನೋ ಸರಿ. ಆದರೆ ಮಾರಾಟದ ಲಾಭ ಪಡೆಯುವವರು, ಹಂಚಿಕೊಂಡ ಫೋನು ಮತ್ತು ಸಿಗದ ನೆಟ್‌ವರ್ಕ್ ಇರುವ ಮನೆಗಳನ್ನೂ ಲೆಕ್ಕಕ್ಕೆ ಹಿಡಿದು ತಮ್ಮ ವ್ಯವಸ್ಥೆಯನ್ನು ರೂಪಿಸದೆ ಇದ್ದರೆ, ಹಿಂದೆ ಕಿರಾಣಿ ವ್ಯಾಪಾರಿ ಸಹಜವಾಗಿ ಹೊತ್ತಿದ್ದ ಹೊಣೆಯನ್ನು ಅವರು ಹೊತ್ತಂತಾಗುವುದಿಲ್ಲ.