ನ್ಯಾಯಶಾಸ್ತ್ರಿಗಳು ಬರೆದ ಪ್ರೇಮಗ್ರಂಥಗಳು: ಬೂದಿಕೋಟೆಯ ನಂಟಿನಿಂದ ಒಂದು ನೋಟ

ಕೋಲಾರದ ಕಡೆಯ ಬೂದಿಕೋಟೆ ಹೈದರಾಲಿ ಹುಟ್ಟಿದ ಊರು; ಅವನ ತಂದೆ ಫತೇ ಮಹಮ್ಮದನ ಗೋರಿ ಕೋಲಾರದಲ್ಲಿದೆ. ಇದೇ ಮನೆತನದ ಟಿಪ್ಪು 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಮಡಿದಾಗ ಅವನ ಗ್ರಂಥಭಂಡಾರದಲ್ಲಿ ಸುಮಾರು 2,000 ಸಂಪುಟಗಳಿದ್ದವು. ಚಾರ್ಲ್ಸ್ ಸ್ಟುವರ್ಟ್ 1809ರಲ್ಲಿ ಅವುಗಳ ಸೂಚಿಯನ್ನು ಅಚ್ಚು ಹಾಕಿಸಿದ. ಬಿಜಾಪುರ, ಗೋಲ್ಕೊಂಡದ ಸುಲ್ತಾನರ ಪ್ರತಿಗಳೂ, ಸವಣೂರು, ಕಡಪಗಳಿಂದ ಬಂದವೂ ಅದರಲ್ಲಿದ್ದವು. ನ್ಯಾಯಶಾಸ್ತ್ರ, ವೈದ್ಯ, ಸೂಫಿತತ್ತ್ವ, ಕಾವ್ಯ ಎಲ್ಲವೂ ಒಂದೇ ಸೂರಿನಡಿ. ಅರಬ್ಬಿಯಲ್ಲಿ ಪ್ರೇಮದ ಬರಹ ಬೆಳೆದದ್ದೂ ಹೀಗೆ ಧರ್ಮಶಾಸ್ತ್ರದ ಮಗ್ಗುಲಲ್ಲೇ. ಅದಕ್ಕೆ ಬೆನ್ನು ತಿರುಗಿಸಿ ಅಲ್ಲ.

ಬಾಗ್ದಾದಿನ ಇಬ್ನ್ ದಾವೂದ್ ನ್ಯಾಯಶಾಸ್ತ್ರಿ; ಪ್ರೇಮಪದ್ಯಗಳನ್ನು ವಿಷಯವಾರು ಜೋಡಿಸಿ ‘ಕಿತಾಬ್ ಅಲ್ ಜಹ್ರಾ’ ಸಂಕಲಿಸಿದ. 1350ರಲ್ಲಿ ತೀರಿಕೊಂಡ ದಮಾಸ್ಕಸ್ಸಿನ ಇಬ್ನ್ ಅಲ್ ಖಯ್ಯಿಮ್ ಕಟ್ಟುನಿಟ್ಟಿನ ಹನ್ಬಲಿ ನ್ಯಾಯಪಂಥದ ಪಂಡಿತ; ಅವನೂ ಪ್ರೇಮಿಗಳಿಗಾಗಿ ಒಂದು ಗ್ರಂಥ ಬರೆದ.

ಇವರೆಲ್ಲರಲ್ಲಿ ಓದುಗನಿಗೆ ತೀರ ಹತ್ತಿರವಾಗುವವನು ಕಾರ್ಡೊಬಾದ ಇಬ್ನ್ ಹಜ್ಮ್ (994–1064). ಅವನ ‘ತೌಕ್ ಅಲ್ ಹಮಾಮಾ’ ಸುಮಾರು 1022ರ ಕೃತಿ. ಗೆಳೆಯನೊಬ್ಬನ ಕೋರಿಕೆಯ ಮೇಲೆ ಬರೆದ 30 ಅಧ್ಯಾಯಗಳಲ್ಲಿ ಪ್ರೇಮದ ಲಕ್ಷಣ, ಕಣ್ಸನ್ನೆ, ದೂತಿ, ಚಾಡಿಕೋರ, ಕೂಡುವಿಕೆ, ಅಗಲಿಕೆ ಎಲ್ಲವೂ ಉಂಟು. ಕಣ್ಸನ್ನೆಯ ಅಧ್ಯಾಯದಲ್ಲಿ ಕಡೆಗಣ್ಣ ನೋಟವೆಂದರೆ ಬೇಡವೆಂಬುದು. ರೆಪ್ಪೆ ಬಾಡಿಸಿದರೆ ಒಪ್ಪಿಗೆ. ನೆಟ್ಟ ನೋಟ ಸಂಕಟದ ಗುರುತು. ದೂತಿಯರಾಗಿ ಬರುವವರು ಮನೆಮನೆಗೆ ಹೋಗಿಬರುವ ಕಸುಬಿನ ಹೆಂಗಸರು: ಔಷಧಿ ಕೊಡುವವಳು, ತಲೆ ಬಾಚುವವಳು, ಸಾವಿನ ಮನೆಯಲ್ಲಿ ಅಳುವವಳು, ಹಾಡುವವಳು. ಅವನು ತನ್ನನ್ನೂ ಮರೆಮಾಚುವುದಿಲ್ಲ. ಇಪ್ಪತ್ತು ತುಂಬುವ ಮೊದಲೇ ಪ್ರೀತಿಸಿದ ನುಅಮ್ ಎಂಬ ದಾಸಿ ತೀರಿಕೊಂಡಾಗ ಏಳು ತಿಂಗಳು ಉಟ್ಟ ಬಟ್ಟೆ ಬದಲಿಸಲಿಲ್ಲವೆಂದು ಹೇಳಿಕೊಂಡಿದ್ದಾನೆ. ಶಾಸ್ತ್ರದ ಚೌಕಟ್ಟಿನೊಳಗೆ ಸ್ವಂತ ದುಃಖಕ್ಕೆ ಇಷ್ಟು ಜಾಗ ಕೊಟ್ಟದ್ದೇ ಈ ಗ್ರಂಥದ ಹಿರಿಮೆ.

ಹೆಚ್ಚುಕಡಿಮೆ ಅದೇ ಕಾಲದಲ್ಲಿ, ಚಾಲುಕ್ಯ ಇಮ್ಮಡಿ ಜಯಸಿಂಹನ ಆಳ್ವಿಕೆಯಲ್ಲಿ, ಚಂದ್ರರಾಜ ಕನ್ನಡದಲ್ಲಿ ‘ಮದನತಿಲಕ’ ರಚಿಸುತ್ತಿದ್ದ. ಒಬ್ಬರಿಗೊಬ್ಬರು ಗೊತ್ತಿರದ ಇಬ್ಬರು. ಇಬ್ಬರಿಗೂ ಕಾಮ ಪಾಂಡಿತ್ಯಕ್ಕೆ ಯೋಗ್ಯವಾದ ವಿಷಯ. ಚಂದ್ರರಾಜನ ಹಿಂದೆ ವಾತ್ಸ್ಯಾಯನನ ಪರಂಪರೆಯಿತ್ತು. ಇಬ್ನ್ ಹಜ್ಮ್ ಆಧರಿಸಿದ್ದು ಕಂಡದ್ದನ್ನು, ಅನುಭವಿಸಿದ್ದನ್ನು. ಅರಬ್ಬಿಯಲ್ಲಿ ಶರೀರಸುಖವನ್ನೇ ಕುರಿತ ಗ್ರಂಥಗಳೂ ಬಂದವು. 15ನೇ ಶತಮಾನದಲ್ಲಿ ಟ್ಯುನೀಸಿಯಾದ ಅಲ್ ನಫ್ಜಾವಿ ಬರೆದದ್ದು ಅವುಗಳಲ್ಲಿ ಹೆಸರಾದದ್ದು. 1883ರಲ್ಲಿ ಕಾಮಸೂತ್ರದ ಇಂಗ್ಲಿಷ್ ಅನುವಾದ ಹೊರತಂದ ರಿಚರ್ಡ್ ಬರ್ಟನ್ನನೇ 1886ರಲ್ಲಿ ಇದನ್ನೂ ಫ್ರೆಂಚಿನಿಂದ ಇಂಗ್ಲಿಷಿಗೆ ತಂದ. ಎರಡು ವಿಶಾಲ ಪರಂಪರೆಗಳು ಪಶ್ಚಿಮದ ಓದುಗರ ಪಾಲಿಗೆ ಒಂದೊಂದು ಪುಸ್ತಕಕ್ಕೆ ಕುಗ್ಗಿಹೋದವು. ಇದು ದೊಡ್ಡ ಅನ್ಯಾಯ.

ದಖ್ಖನ್ನಿಗೆ ಅರಬ್ಬಿ ಪ್ರೇಮ ಬಂದದ್ದು ಶಾಸ್ತ್ರಕ್ಕಿಂತ ಹೆಚ್ಚಾಗಿ ಕಥೆಯಾಗಿ. ಲೈಲಾ–ಖೈಸರ ಮರುಭೂಮಿಯ ಕಥನ 10ನೇ ಶತಮಾನದ ‘ಕಿತಾಬ್ ಅಲ್ ಅಘಾನಿ’ಯಲ್ಲಿ ಸಂಗ್ರಹವಾಯಿತು. 1188ರಲ್ಲಿ ನಿಜಾಮಿ ಅದನ್ನು ಪರ್ಷಿಯನ್ ಮಸ್ನವಿಯಾಗಿಸಿದ (ದ್ವಿಪದಿಗಳ ಕಥನಕಾವ್ಯ), ಮುಂದೆ ದಿಲ್ಲಿಯ ಅಮೀರ್ ಖುಸ್ರೋ ತನ್ನದೇ ರೂಪ ಕೊಟ್ಟ. ಬಿಜಾಪುರದ ನುಸ್ರತಿ ಅದೇ ಮಸ್ನವಿ ರೂಪದಲ್ಲಿ, ದಖನಿ ಭಾಷೆಯಲ್ಲಿ 1657ರ ಹೊತ್ತಿಗೆ ‘ಗುಲ್ಶನ್ ಎ ಇಶ್ಕ್’ ಬರೆದಾಗ ನಾಯಕ ನಾಯಕಿಯರು ಅರಬ್ಬರಾಗಿ ಉಳಿದಿರಲಿಲ್ಲ. ಅವಧಿ ಕಾವ್ಯದಿಂದ ಬಂದ ಮನೋಹರ, ಮಧುಮಾಲತಿಯರು ಆ ಜಾಗಕ್ಕೆ ಬಂದಿದ್ದರು.

‘ತೌಕ್’ ಮಾತ್ರ ಇಂದಿಗೂ ಒಂದೇ ಪ್ರತಿಯ ಮೇಲೆ ನಿಂತಿದೆ. 1338ರಲ್ಲಿ ನಕಲಾದ ಆ ಹಸ್ತಪ್ರತಿ ಲೈಡನ್ನಿನಲ್ಲಿದೆ. 1914ರಲ್ಲಿ ರಷ್ಯಾದ ಪೆತ್ರೋಫ್ ಅದನ್ನು ಮೊದಲು ಅಚ್ಚಿಗೆ ತಂದ. ನಕಲುಗಾರ ಬಹುಪಾಲು ಪದ್ಯಗಳನ್ನು ತೆಗೆದುಹಾಕಿ, ಒಳ್ಳೆಯವೆನಿಸಿದವನ್ನಷ್ಟೇ ಉಳಿಸಿಕೊಂಡಿದ್ದಾನೆ.