ಫ್ಲಶ್ ಎಂಬ ಗುಮ್ಮ

ಒಂದೇ ಜಾತಿಯ ಐದು ಎಲೆ ಕೂಡಿದರೆ ಪೋಕರ್‌ನಲ್ಲಿ ಫ್ಲಶ್. ನಮ್ಮ ಮೂರೆಲೆ ಆಟದ ಕಲರ್ ಇದರ ತಮ್ಮ. 52 ಎಲೆಗಳಿಂದ ಐದೆಲೆಯ 25,98,960 ಕೈಗಳು ಹುಟ್ಟುತ್ತವೆ. ಅವುಗಳಲ್ಲಿ ಸಾದಾ ಫ್ಲಶ್ ಬರೀ 5,108. ಹೆಚ್ಚುಕಡಿಮೆ ಐನೂರಕ್ಕೆ ಒಂದು. ಹೀಗಿದ್ದೂ ಮೇಜಿನ ಮೇಲೆ ಮೂರು ಆಟೀನ್ ಬಿದ್ದವೆಂದರೆ ಒಳ್ಳೆಯ ಜೋಡಿ ಹಿಡಿದು ಕೂತವನ ಎದೆ ಡವಡವ ಎನ್ನುತ್ತದೆ. ಎದುರಿನವನಿಗೆ ನಿಜಕ್ಕೂ ಫ್ಲಶ್ ಬಂದಿದೆಯೇ ಎಂದು ಪತ್ತೆ ಹಚ್ಚುವ ವಿದ್ಯೆ ಬೆಳೆದು ಬಂದ ದಾರಿ ಸ್ವಾರಸ್ಯಕರವಾದದ್ದು.

ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಕಡೆ ಪೋಕರನ್ನು 20 ಎಲೆಗಳಲ್ಲೇ ಆಡುತ್ತಿದ್ದರು. ಆಗ ಫ್ಲಶ್ ಎಂಬುದೇ ಇರಲಿಲ್ಲ. 52 ಎಲೆಗಳ ಕಟ್ಟಿನ ಜೊತೆ ಅದೂ ಬಂತು, ಎಲೆ ಬದಲಿಸಿಕೊಳ್ಳುವ ಡ್ರಾ ಪೋಕರೂ ಬಂತು. ಡ್ರಾ ಪೋಕರ್‌ನಲ್ಲಿ ಎಲ್ಲರ ಎಲೆಯೂ ಗುಟ್ಟು. ಎದುರಾಳಿ ಎಷ್ಟು ಎಲೆ ಬದಲಿಸಿದ ಎಂಬುದೊಂದೇ ಬಯಲಾಗುವ ಸುಳಿವು. ಒಂದೇ ಎಲೆ ಕೇಳಿದನೆಂದರೆ ಎರಡು ಜೋಡಿ ಇರಬಹುದು, ಇಲ್ಲವೇ ನಾಲ್ಕು ಇಸ್ಪೀಟು ಹಿಡಿದು ಐದನೆಯದಕ್ಕೆ ಕಾಯುತ್ತಿರಬಹುದು. ಅದು ಸಿಗುವ ಸಂಭವ 47ರಲ್ಲಿ 9, ಅಂದರೆ ಶೇ. 19. ಗುಪ್ತಲಿಪಿ ಭೇದಿಸಿ ಹೆಸರಾಗಿದ್ದ ಹರ್ಬರ್ಟ್ ಯಾರ್ಡ್ಲಿ 1957ರಲ್ಲಿ ಬರೆದ ‘ದಿ ಎಜುಕೇಶನ್ ಆಫ್ ಎ ಪೋಕರ್ ಪ್ಲೇಯರ್’ ಈ ಹಳೆಯ ಶೈಲಿಯ ಆಟದ ಪುಸ್ತಕ.

ಟೆಕ್ಸಸ್ ಹೋಲ್ಡೆಮ್ ಈ ಲೆಕ್ಕವನ್ನೆಲ್ಲ ಬುಡಮೇಲು ಮಾಡಿತು. ಲಾಸ್ ವೇಗಸ್‌ನಲ್ಲಿ 1970ರಲ್ಲಿ ಶುರುವಾದ ವರ್ಲ್ಡ್ ಸೀರೀಸ್ ಆಫ್ ಪೋಕರ್ ಅದಕ್ಕೆ ಹೆಸರು ತಂದುಕೊಟ್ಟಿತು. ಇದರಲ್ಲಿ ಒಬ್ಬೊಬ್ಬರ ಕೈಯಲ್ಲೂ ಗುಟ್ಟಿನ ಎಲೆ ಎರಡೇ; ಉಳಿದ ಐದು ಎಲೆ ಹಂತಹಂತವಾಗಿ ಮೇಜಿನ ಮೇಲೆ ಬಿದ್ದು ಎಲ್ಲರ ಕಣ್ಣಿಗೂ ಕಾಣುತ್ತವೆ. ಯಾವ ಜಾತಿಯ ಫ್ಲಶ್ ಸಾಧ್ಯವೆಂಬುದು ಹೊಸಬನಿಗೂ ಗೊತ್ತು. ಯಾರ ಹತ್ತಿರ ಎಂಬುದಷ್ಟೇ ಗುಟ್ಟು. ಫ್ಲಶ್ ಕೂಡುವ ಮುಂಚೆಯೇ ಜೋರಾಗಿ ಹಣ ಕಟ್ಟಿ ಎದುರಾಳಿಯನ್ನು ಎಬ್ಬಿಸುವ ತಂತ್ರಕ್ಕೆ ಪೋಕರ್ ಬರಹಗಾರ ಡೇವಿಡ್ ಸ್ಕ್ಲಾನ್‌ಸ್ಕಿ ಸೆಮಿ-ಬ್ಲಫ್ ಎಂದು ಹೆಸರಿಟ್ಟ. ಅಲ್ಲಿಂದ ದೊಡ್ಡ ಬೆಟ್ ಎಂದರೆ ಕೂಡಿದ ಕೈಯೋ, ಕೂಡಬೇಕಾದ ಕೈಯೋ ಎಂದು ಬಿಡಿಸುವುದು ಕಷ್ಟವಾಯಿತು.

ಈ ಗೊಂದಲದ ನಡುವೆ 1984ರಲ್ಲಿ ಬಂದದ್ದು ಮೈಕ್ ಕ್ಯಾರೋನ ಹಾವಭಾವಗಳ ಪುಸ್ತಕ. ಅದರಲ್ಲಿನ ಒಂದು ಸೂಚನೆ ಇಂದಿಗೂ ಮುಕ್ಕಾಗಿಲ್ಲ: ಮೇಜಿನ ಮೇಲೆ ಒಂದೇ ಜಾತಿಯ ಮೂರು ಎಲೆ ಬಿದ್ದಾಗ ತನ್ನ ಎಲೆಗಳನ್ನು ಮತ್ತೆ ಇಣುಕಿ ನೋಡುವವನ ಬಳಿ ಫ್ಲಶ್ ಇರುವುದು ಅಪರೂಪ. ಎರಡೂ ಆಟೀನ್ ಆಗಿದ್ದರೆ ಅವನಿಗೆ ಮೊದಲೇ ನೆನಪಿರುತ್ತಿತ್ತು. ಒಂದು ಕೆಂಪು, ಒಂದು ಕಪ್ಪು ಎಂದಷ್ಟೇ ನೆನಪಿರುವವನು ಆ ಕೆಂಪು ಆಟೀನೋ ಡೈಮನ್ನೋ ಎಂದು ಖಚಿತ ಮಾಡಿಕೊಳ್ಳುತ್ತಿರುತ್ತಾನೆ. ಮುಖದ ಓದು ಮಾತ್ರ ಅಷ್ಟು ನಂಬಿಕೆಯದಲ್ಲ. ವೃತ್ತಿಪರರ ಆಟದ ವಿಡಿಯೊ ತುಣುಕುಗಳನ್ನು ಸಾಮಾನ್ಯರಿಗೆ ತೋರಿಸಿ ಮೈಕೇಲ್ ಸ್ಲೆಪಿಯನ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಖವನ್ನಷ್ಟೇ ನೋಡಿದವರು ಎಡವಿದರು. ಚಿಪ್ಸ್ ಮುಂದಕ್ಕೆ ತಳ್ಳುವ ತೋಳನ್ನಷ್ಟೇ ನೋಡಿದವರ ಊಹೆ ವಾಸಿಯಾಗಿತ್ತು. ಪೋಕರ್ ಮುಖ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ!

ಆನ್‌ಲೈನ್ ಆಟದಲ್ಲಿ ಮುಖವೂ ಇಲ್ಲ, ತೋಳೂ ಇಲ್ಲ. ಉಳಿದದ್ದು ಲೆಕ್ಕ. ಮೇಜಿನ ಮೇಲೆ ಮೊದಲು ಬಿದ್ದ ಮೂರೂ ಎಲೆ ಆಟೀನ್, ನಿಮ್ಮ ಕೈಯಲ್ಲಿ ಒಂದೂ ಇಲ್ಲ ಎನ್ನಿ. ಉಳಿದ ಹತ್ತು ಆಟೀನ್‌ಗಳಿಂದ 45 ಜೋಡಿ ಸಾಧ್ಯ. ಕಾಣದ 47 ಎಲೆಗಳಿಂದಾಗುವ ಒಟ್ಟು 1,081 ಜೋಡಿಗಳಲ್ಲಿ ಅದು ಶೇ. 4ಕ್ಕಿಂತ ತುಸು ಹೆಚ್ಚು. ಆಟೀನ್ ಎಕ್ಕ ನಿಮ್ಮಲ್ಲೇ ಇದ್ದರೆ 45 ಇದ್ದದ್ದು 36ಕ್ಕೆ ಇಳಿಯುತ್ತದೆ, ಅದೂ ಬಲಿಷ್ಠ ಫ್ಲಶ್‌ಗಳೇ ಮಾಯವಾಗುತ್ತವೆ. ನಿಜವಾದ ಆಟದಲ್ಲಿ ಎದುರಾಳಿ ಸಿಕ್ಕಸಿಕ್ಕ ಎಲೆ ಆಡುವುದಿಲ್ಲವಾದ್ದರಿಂದ ಈ ಅಂಕಿ ಏರುಪೇರಾಗುತ್ತದೆ. ಅದಕ್ಕೇ ಅವನು ಮೊದಲ ಸುತ್ತಿನಿಂದ ಕಟ್ಟಿದ ಹಣದ ಕಥೆ ನೋಡಬೇಕು: ಎರಡು ಆಟೀನ್ ಬಿದ್ದಾಗ ತೆಪ್ಪಗೆ ಹಿಂಬಾಲಿಸಿ, ಮೂರನೆಯದು ಬಿದ್ದೊಡನೆ ಏಕಾಏಕಿ ಏರಿಸಿದವನನ್ನು ನಂಬುವುದೇ ಲೇಸು. ಮೊದಲಿಂದಲೂ ಏರಿಸುತ್ತಲೇ ಬಂದವನ ಬಳಿ ಬರೀ ದೊಡ್ಡ ಜೋಡಿಯೂ ಇದ್ದೀತು.

ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಯಂತ್ರ 2017ರಲ್ಲಿ ನಾಲ್ವರು ವೃತ್ತಿಪರರನ್ನು ಸೋಲಿಸಿದ್ದು ಯಾರ ಮುಖವನ್ನೂ ನೋಡದೆ. ಹಾವಭಾವದ ವಿದ್ಯೆ ಸತ್ತಿತು ಎನ್ನಲಾರೆ. ಅದೀಗ ಲೆಕ್ಕಕ್ಕೆ ಒಗ್ಗರಣೆ ಅಷ್ಟೇ.

ಇದೆಲ್ಲ ಕೌಶಲವೋ ಅದೃಷ್ಟವೋ ಎಂಬ ವಾದ ನಮ್ಮ ನ್ಯಾಯಾಲಯಗಳಿಗೂ ಬಂತು. ಆನ್‌ಲೈನ್ ಪಣದ ಆಟಗಳನ್ನು ನಿಷೇಧಿಸಿದ ರಾಜ್ಯದ 2021ರ ತಿದ್ದುಪಡಿಯ ಮುಖ್ಯ ಅಂಶಗಳನ್ನು ಕರ್ನಾಟಕ ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರ ಕಾಯ್ದೆಯಾದರೋ ಕೌಶಲ, ಅದೃಷ್ಟ ಎಂಬ ಭೇದವೆಣಿಸದೆ ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸಿದೆ.